ಮುಖಪುಟಗಳ ನಡುವೆ ಒಂದು ಭಾನುವಾರ

ಹಳೆಯ ಕ್ರೀಡಾ ಪತ್ರಿಕೆಗಳನ್ನು ವರ್ಷದ ಪ್ರಕಾರ ಜೋಡಿಸಿಡೋಣ ಅಂತ ಆ ಭಾನುವಾರ ಬೆಳಿಗ್ಗೆ ಪೆಟ್ಟಿಗೆ ತೆರೆದೆ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ. ಸಂಜೆಯಾದರೂ ನೆಲದ ತುಂಬ ಮುಖಪುಟಗಳೇ ಹರಡಿಕೊಂಡಿದ್ದವು.

ಒಳಗಿನ ಲೇಖನಗಳು ನನಗೆ ಅಷ್ಟಾಗಿ ನೆನಪಿಲ್ಲ. ಮುಖಪುಟ ಕಂಡರೆ ಸಾಕು, ಆ ಪಂದ್ಯ ಕಣ್ಣ ಮುಂದೆ ಬರುತ್ತದೆ. ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಗೊತ್ತಾಯಿತು. ಆಟಗಾರನ ತಲೆ ಪತ್ರಿಕೆಯ ಹೆಸರಿನ ಒಂದೆರಡು ಅಕ್ಷರಗಳನ್ನು ಮುಚ್ಚಿದ್ದರೆ ಚಿತ್ರಕ್ಕೆ ಆಳ ಬರುತ್ತದೆ. ಅವನು ಹಾಳೆಯಿಂದಲೇ ಎದ್ದು ಬರುವಂತೆ ಕಾಣುತ್ತಾನೆ. ಅಕ್ಷರ ಮರೆಯಾದರೂ ಓದುಗರು ಗುರುತು ಹಿಡಿಯುತ್ತಾರೆ ಅನ್ನುವ ಧೈರ್ಯ ಪತ್ರಿಕೆಗೆ ಬೇಕು, ಅಲ್ವಾ?

ಜಾಸ್ತಿ ಹೊತ್ತು ಕೈಯಲ್ಲಿ ಉಳಿದದ್ದು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್‌ನ 1980ರ ಮಾರ್ಚ್ 3ರ ಸಂಚಿಕೆ. ಲೇಕ್ ಪ್ಲ್ಯಾಸಿಡ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಐಸ್ ಹಾಕಿ ಹುಡುಗರು ಬಲಿಷ್ಠ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದ್ದರು. ಹೈಂಜ್ ಕ್ಲೂಟ್‌ಮೈಯರ್ ತೆಗೆದ ಫೋಟೊ ಅದು. ಒಬ್ಬರ ಮೇಲೊಬ್ಬರು ಬಿದ್ದು ತಬ್ಬಿಕೊಂಡ ಹುಡುಗರು. ಶೀರ್ಷಿಕೆ ಇಲ್ಲ. ಗೆದ್ದರು ಅಂತ ಒಂದು ಮಾತೂ ಇಲ್ಲ. ಆ ಸಂಭ್ರಮಕ್ಕೆ ಯಾವ ಮಾತು ಸೇರಿಸಿದ್ದರೂ ಕಡಿಮೆಯೇ ಆಗುತ್ತಿತ್ತು.

ಆಮೇಲೆ ಸುಮ್ನೆ ಒಂದು ಕೆಲಸ ಮಾಡಿದೆ. ಬೇರೆ ಸಂಚಿಕೆಗಳ ದೊಡ್ಡ ಅಕ್ಷರದ ಸಾಲುಗಳನ್ನು ಅಂಗೈಯಿಂದ ಮುಚ್ಚಿ ನೋಡುತ್ತಾ ಹೋದೆ. ಎಷ್ಟೋ ಚಿತ್ರಗಳು ಆಗ ಉಸಿರಾಡಿದವು. ಕೆಲವು ಮಾತ್ರ ಮಾತಿಲ್ಲದೆ ಖಾಲಿ ಖಾಲಿ ಅನಿಸಿದವು. ಒಳ್ಳೆಯ ಫೋಟೊ ಯಾವುದು ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಪೆಟ್ಟಿಗೆಯ ತಳದಲ್ಲಿ ಓಟಗಾರ್ತಿಯೊಬ್ಬಳ ಮುಖಪುಟವಿತ್ತು. ಇಷ್ಟಪಟ್ಟು ಒಂದು ಕಾಲದಲ್ಲಿ ಕಿಟಕಿ ಪಕ್ಕ ತೂಗುಹಾಕಿದ್ದೆ. ಬಿಸಿಲಿಗೆ ಕೆಂಪು, ಹಳದಿ ಬಣ್ಣಗಳು ಬೇಗ ಹೋಗುತ್ತವೆ, ನೀಲಿ ಕೊನೆಯವರೆಗೆ ಉಳಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ. ಅವಳ ಕೆಂಪು ಅಂಗಿ ಈಗ ಬೂದು. ಮುಖವೂ ನೀಲಿಗಟ್ಟಿದೆ. ಪಿನ್ನುಗಳು ತುಕ್ಕು ಹಿಡಿದು ನಡುಪುಟಕ್ಕೆ ಕಲೆ ಇಳಿದಿದೆ. ತುಂಬ ಬೇಜಾರಾಯಿತು.

ಅದನ್ನೂ ಪಾಲಿಯೆಸ್ಟರ್ ಕವರಿಗೆ ಹಾಕಿ, ಬೆನ್ನಿಗೆ ಆಮ್ಲವಿಲ್ಲದ ರಟ್ಟು ಇಟ್ಟೆ. ವರ್ಷದ ಲೆಕ್ಕ ಬಿಟ್ಟು, ಅಂಗೈಯಿಂದ ಸಾಲು ಮುಚ್ಚಿದಾಗಲೂ ಗೆದ್ದ ಮುಖಪುಟಗಳನ್ನೆಲ್ಲ ಮುಂದಿನ ಸಾಲಿಗೆ ತಂದೆ. ಬಣ್ಣ ಹೋದರೂ ಓಟಗಾರ್ತಿ ಆ ಸಾಲಿನಲ್ಲೇ ಇದ್ದಾಳೆ.