ಮಾತಾಡುವಾಗ ಚಂದ, ಬುದ್ಧಿ ಕಲಿಸುವಾಗ ಕಷ್ಟ

ಅಕ್ಕನ ಮಗಳು ರಜೆಗೆ ಬಂದಿದ್ದಳು. ಒಂದು ಭಾನುವಾರ ಇಬ್ಬರೂ ಕೂತು ಹಳೆಯ ಹಾಲಿವುಡ್ ರೊಮ್ಯಾಂಟಿಕ್ ಕಾಮಿಡಿಗಳನ್ನು ಸಾಲಾಗಿ ನೋಡುವುದು ಅಂತ ತೀರ್ಮಾನವಾಯಿತು. ಸಿನಿಮಾ ಆರಿಸುವುದು ನಾನು, ರಿಮೋಟ್ ಅವಳ ಕೈಯಲ್ಲಿ. ನನಗೆ ಈ ಸಿನಿಮಾಗಳೆಂದರೆ ಪ್ರಾಣ. ಅವಳಿಗೆ ಕಪ್ಪು-ಬಿಳುಪು ಅಂದರೇನೇ ಅನುಮಾನ.

ಮೊದಲು ಹಾಕಿದ್ದು 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’. ಫ್ರಾಂಕ್ ಕಾಪ್ರಾ ನಿರ್ದೇಶನ, ಕ್ಲಾರ್ಕ್ ಗೇಬಲ್ ಮತ್ತು ಕ್ಲಾಡೆಟ್ ಕೋಲ್ಬರ್ಟ್ ಜೋಡಿ. ಆ ಸಲದ ಐದು ದೊಡ್ಡ ಆಸ್ಕರ್‌ಗಳನ್ನೂ ಬಾಚಿಕೊಂಡ ಸಿನಿಮಾ. ಅಪ್ಪನ ಹಡಗಿನಿಂದ ನೀರಿಗೆ ಹಾರಿ ಓಡಿಹೋಗುವ ಶ್ರೀಮಂತರ ಹುಡುಗಿ, ಕೆಲಸ ಕಳೆದುಕೊಂಡ ಪತ್ರಕರ್ತ, ಇಬ್ಬರಿಗೂ ಒಂದೇ ಬಸ್ಸು. ರಾತ್ರಿ ಒಂದೇ ಕೋಣೆಯಲ್ಲಿ ಉಳಿಯಬೇಕಾಗಿ ಬಂದಾಗ ಅವನು ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಡುತ್ತಾನೆ. ಕಂಬಳಿಯ ಆಚೆ ಒಂದು ದನಿ, ಈಚೆ ಒಂದು ದನಿ. ಅಷ್ಟೇ. ಅವಳು ಮೊಬೈಲ್ ಕೆಳಗಿಟ್ಟಳು. ನಾನು ಗಮನಿಸಿಯೂ ಗಮನಿಸದವನಂತೆ ಇದ್ದೆ.

ಮಾರನೇ ದಿನ ಬೆಳಿಗ್ಗೆ ಪತ್ತೇದಾರರು ಹುಡುಗಿಯನ್ನು ಹುಡುಕಿಕೊಂಡು ಕೋಣೆಗೆ ನುಗ್ಗುತ್ತಾರೆ. ಇವರಿಬ್ಬರೂ ತಕ್ಷಣ ಗಂಡ ಹೆಂಡತಿಯ ಜಗಳ ಶುರು ಮಾಡುತ್ತಾರೆ. ಅವನು ಕಿರುಚುತ್ತಾನೆ, ಅವಳು ಜೋರಾಗಿ ಅಳುತ್ತಾಳೆ. ನೋಡಿದವರಿಗೆ ಇವರು ಅಪ್ಪಟ ದಂಪತಿ ಎಂದು ಖಾತ್ರಿ! ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ಅವಳು ಕೇಳಿದಳು, ‘ಗಂಡ ಹೆಂಡತಿ ಮೇಲೆ ಕಿರುಚಿದರೆ ಮದುವೆಯಾಗಿದೆ ಅನ್ನೋದಕ್ಕೆ ಅದೇ ಸಾಕ್ಷಿ, ಅಲ್ವಾ?’ ಹೌದು. ಆದರೆ ಆ ತಮಾಷೆ ಸಿನಿಮಾಗೂ ಗೊತ್ತಿದೆ. ಅದಕ್ಕೇ ಆ ದೃಶ್ಯ ಇನ್ನೂ ಹಳಸಿಲ್ಲ.

ಹಳಸಿದ್ದು ಬೇರೆ. ಕೊನೆಗೆ ಗೇಬಲ್ ಹುಡುಗಿಯ ಅಪ್ಪನ ಎದುರು ನಿಂತು, ಇವಳಿಗೆ ದಿನಕ್ಕೊಂದು ಏಟು ಕೊಡುವ ಗಂಡಸು ಬೇಕು, ತಪ್ಪಿರಲಿ ಬಿಡಲಿ ಅನ್ನುತ್ತಾನೆ. ಅಪ್ಪನಿಗೆ ಅದು ಬಲು ಇಷ್ಟವಾಗುತ್ತದೆ. ರಿಮೋಟ್ ಒತ್ತಿ ಅವಳು ಸಿನಿಮಾ ನಿಲ್ಲಿಸಿದಳು. ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದಳು. ‘ಕಾಲ ಹಾಗಿತ್ತು’ ಅಂತ ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. ಆ ಕಾಲದಲ್ಲೂ ಏಟು ತಿಂದವಳಿಗೆ ನೋಯುತ್ತಲೇ ಇತ್ತಲ್ಲ.

‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಹಾಕಿದಾಗ ವಾದವೇ ಆಗಲಿಲ್ಲ. ಮಿಕ್ಕಿ ರೂನಿ ಕೃತಕ ಹಲ್ಲು ಕಟ್ಟಿಕೊಂಡು ಜಪಾನಿ ನೆರೆಯವನಾಗಿ ಕುಣಿಯುವ ಭಾಗಗಳಿಗೆ ಸಮರ್ಥನೆಯೇ ಇಲ್ಲ. 1961ರಲ್ಲೂ ಇರಲಿಲ್ಲ. ಓಡಿಸಿ ಮುಂದೆ ಹೋದೆವು. ‘ಪಿಲ್ಲೋ ಟಾಕ್’ನಲ್ಲಿ ರಾಕ್ ಹಡ್ಸನ್ ಡೋರಿಸ್ ಡೇಯನ್ನು ಹಾಸಿಗೆಯಿಂದ ಎತ್ತಿ, ನೈಟ್‌ಡ್ರೆಸ್‌ನಲ್ಲೇ ಬೀದಿಯುದ್ದಕ್ಕೂ ಹೊತ್ತೊಯ್ಯುತ್ತಾನೆ. ಅವಳು ಪೊಲೀಸಿನವನನ್ನು ಕೂಗಿದರೂ ಅವನಿಗೆ ಅದೊಂದು ತಮಾಷೆ. ಅದೇ ಸಿನಿಮಾದಲ್ಲಿ ಒಂದೇ ಟೆಲಿಫೋನ್ ಲೈನ್ ಹಂಚಿಕೊಂಡು ಇಬ್ಬರೂ ಕಚ್ಚಾಡುವ ಭಾಗವಿದೆಯಲ್ಲ, ಅದನ್ನು ಮಾತ್ರ ಅವಳೇ ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು.

ಅಷ್ಟೊತ್ತಿಗೆ ನನಗೊಂದು ವಿಷಯ ಹೊಳೆಯತೊಡಗಿತ್ತು. ಇಬ್ಬರು ಸರಿಸಮವಾಗಿ ಮಾತಾಡುವಲ್ಲೆಲ್ಲ ಈ ಸಿನಿಮಾಗಳು ನಿನ್ನೆ ತೆಗೆದ ಹಾಗಿವೆ. ನಾಯಕಿಗೆ ಯಾರಾದರೂ ಬುದ್ಧಿ ಕಲಿಸಲು ಹೊರಟ ಕೂಡಲೇ ಕೆಡುತ್ತವೆ. ‘ದಿ ಫಿಲಡೆಲ್ಫಿಯಾ ಸ್ಟೋರಿ’ಯನ್ನೇ ನೋಡಿ. ಕ್ಯಾಥರೀನ್ ಹೆಪ್‌ಬರ್ನ್ ಮಾತಿನ ಮುಂದೆ ಯಾರೂ ನಿಲ್ಲರು. ಆದರೆ ಅಪ್ಪ ಬೇರೆ ಹೆಂಗಸಿನ ಹಿಂದೆ ಹೋಗಿದ್ದಕ್ಕೂ ಮಗಳ ಸ್ವಭಾವವೇ ಕಾರಣ ಅಂತ ಅಪ್ಪನೇ ಉಪದೇಶ ಮಾಡುತ್ತಾನೆ! ಸಿನಿಮಾವೂ ತಲೆ ಆಡಿಸುತ್ತದೆ. ನನಗೆ ಆ ದೃಶ್ಯ ದಿನಕ್ಕೊಂದು ಏಟಿಗಿಂತ ಜಾಸ್ತಿ ಸಿಟ್ಟು ಬರಿಸುತ್ತದೆ.

ಆ ಮಾತುಗಳು ಅಷ್ಟು ಚುರುಕಾಗಲು ಒಂದು ವಿಚಿತ್ರ ಕಾರಣವೂ ಇದೆ. 1934ರ ಮಧ್ಯದಿಂದ ಹಾಲಿವುಡ್‌ನಲ್ಲಿ ಪ್ರೊಡಕ್ಷನ್ ಕೋಡ್ ಬಿಗಿಯಾಯಿತು. ಏನು ತೋರಿಸಬೇಕು, ಏನು ಕೂಡದು ಅಂತ ಕಟ್ಟುಪಾಡು. ಅದು ಹೋಗಿದ್ದು 1968ರಲ್ಲಿ. ಮುಟ್ಟುವುದಕ್ಕೆ ತಡೆ ಬಿದ್ದಾಗ ಪ್ರೀತಿಯೆಲ್ಲ ನಾಲಿಗೆಗೆ ಬಂತು. ಗಂಡು ಹೆಣ್ಣಿನ ಪಾತ್ರ ಹೀಗೇ ಇರಬೇಕು ಅಂತ ಬೇಲಿ ಹಾಕಿದ್ದರಲ್ಲೂ ಅದೇ ಕೋಡ್‌ನ ಕೈವಾಡವಿತ್ತು ಅನ್ನುವುದು ಬೇರೆ ಮಾತು.

ಅವಳು ಪೂರ್ತಿ ಸೋತದ್ದು 1940ರ ‘ಹಿಸ್ ಗರ್ಲ್ ಫ್ರೈಡೇ’ಗೆ. ಹೋವರ್ಡ್ ಹಾಕ್ಸ್ ಇಲ್ಲಿ ಪಾತ್ರಗಳಿಗೆ ಒಬ್ಬರ ಮಾತಿನ ಮೇಲೊಬ್ಬರು ಮಾತಾಡಲು ಬಿಟ್ಟಿದ್ದಾರೆ. ಉಸಿರಾಡಲೂ ಪುರುಸೊತ್ತಿಲ್ಲ. ರೋಸಲಿಂಡ್ ರಸ್ಸೆಲ್ ಮಾಡಿದ ವರದಿಗಾರ್ತಿ ಹಿಲ್ಡಿ, ಮೂಲ ನಾಟಕದಲ್ಲಿ ಗಂಡಸು. ಸಿನಿಮಾಗೆ ಹೆಣ್ಣಾಗಿ ಬದಲಾಯಿಸಿದರೂ ಆ ವೃತ್ತಿಯ ಗತ್ತು ಹಾಗೇ ಉಳಿಯಿತು. ಪತ್ರಕರ್ತರ ಕೋಣೆಗೆ ಅವಳು ಬಂದರೆ ಯಾರೂ ಅಯ್ಯೋ ಹೆಣ್ಣು ಅನ್ನುವುದಿಲ್ಲ. ಕೆಲಸ ಬಲ್ಲವಳು ಬಂದಳು ಅನ್ನುವ ಭಾವ. ಕ್ಯಾರಿ ಗ್ರಾಂಟ್ ಅವಳ ಮಾಜಿ ಗಂಡ, ಶುದ್ಧ ಮೋಸಗಾರ. ಅವಳ ಹೊಸ ಹುಡುಗನನ್ನು ಸುಳ್ಳು ನೆಪಗಳಲ್ಲಿ ಜೈಲಿಗೆ ಕಳಿಸುತ್ತಲೇ ಇರುತ್ತಾನೆ.

‘ಇವನು ಕಳ್ಳ. ಆದರೆ ಇವಳು ಇವನಿಗಿಂತ ಒಂದು ಕೈ ಮೇಲು’ ಅಂದಳು ಅಕ್ಕನ ಮಗಳು. ಬಾಯಿ ಕಿವಿಯವರೆಗೆ ಹೋಗಿತ್ತು.

ಆಮೇಲೆ ಕೊನೆಯ ದೃಶ್ಯ ಬಂತು. ಗ್ರಾಂಟ್ ಮುಂದೆ ಬಿರುಸಾಗಿ ಹೊರಡುತ್ತಾನೆ. ಹಿಲ್ಡಿ ತನ್ನ ಸೂಟ್‌ಕೇಸ್ ತಾನೇ ಹೊತ್ತು ಹಿಂದೆ ಹಿಂದೆ ಓಡುತ್ತಾಳೆ. ಅವನು ತಿರುಗಿ, ಅದನ್ನು ಹಿಡಿದುಕೊಳ್ಳುವ ರೀತಿಯ ಬಗ್ಗೆ ಸಲಹೆ ಬೇರೆ ಕೊಡುತ್ತಾನೆ! ‘ಥೂ ಇವನ!’ ಅಂತ ಅವಳು ನಗುತ್ತಲೇ ದಿಂಬು ಎಸೆದಳು. ಅದು ಟಿವಿಗೆ ತಾಗದೆ ನನ್ನ ತಲೆಗೆ ಬಡಿಯಿತು.

‘ಸೂಟ್‌ಕೇಸ್ ಹಿಡಿಯಬೇಕಿತ್ತು ಅನ್ನೋದು ನಿನ್ನ ತಕರಾರಾ?’ ಅಂದೆ.

‘ಅಲ್ಲ. ಹಿಡಿಯದಿದ್ದರೆ ಬೇಡ. ಸಲಹೆ ಯಾಕೆ ಕೊಡಬೇಕು?’ ಅಂದವಳೇ ‘ಇದೇ ಹಾಕ್ಸ್‌ನದು ಇನ್ನೇನಿದೆ?’ ಅಂತ ರಿಮೋಟ್ ಎತ್ತಿಕೊಂಡು ಹುಡುಕಲು ಶುರು ಮಾಡಿದಳು.