ಕೂಲಂಟ್ ಕೊಳ್ಳುವ ಮುಂಚೆ ನಿಮ್ಮ ನೀರು ನೋಡಿ

ಲೋಹ ಕತ್ತರಿಸುವ ಯಂತ್ರದಲ್ಲಿ ಟೂಲ್ ತಂಪಾಗಿಡಲು ಸುರಿಸುವ ಕೂಲಂಟ್ ಕೊಳ್ಳಲು ಹೋದವರು ಮೊದಲು ವಿಚಾರಿಸುವುದು ಲೀಟರಿಗೆ ಎಷ್ಟು ಅಂತ. ಆದರೆ ಟ್ಯಾಂಕಿನಲ್ಲಿ ಇರುವುದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಬೋರ್‌ವೆಲ್ ನೀರನ್ನೇ ನಂಬಿರುವ ಶೆಡ್‌ಗಳಲ್ಲಿ ತೊಂದರೆ ಬಹುಪಾಲು ಇಲ್ಲಿಂದಲೇ ಶುರು. ನೀರಿನ ಗಡಸುತನ 400 ಪಿಪಿಎಂ ದಾಟಿದರೆ ಸಾಮಾನ್ಯ ಸಾಲ್ಯುಬಲ್ ಆಯಿಲ್ (ನೀರಿನಲ್ಲಿ ಬೆರೆಯುವ ಎಣ್ಣೆ ಕೂಲಂಟ್) ಹಾಲಿನಂತೆ ಒಡೆಯುತ್ತದೆ. ನೀರಿನ ಕ್ಯಾಲ್ಸಿಯಂ, ಎಣ್ಣೆಯನ್ನು ನೀರಿನಲ್ಲಿ ಬೆರೆಸಿಡುವ ಎಮಲ್ಸಿಫೈಯರ್‌ಗೆ ಅಂಟಿಕೊಂಡು ಜಿಡ್ಡು ಗಸಿಯಾಗಿ ಫಿಲ್ಟರ್ ಕಟ್ಟುತ್ತದೆ. ತೀರ ಮೆದು ನೀರಾದರೆ ನೊರೆ. 100ರಿಂದ 200 ಪಿಪಿಎಂ ಇದ್ದರೆ ನಿಶ್ಚಿಂತೆ. ಆರಿಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ಟಾಪ್-ಅಪ್‌ಗಾದರೂ (ಕಡಿಮೆಯಾದದ್ದನ್ನು ತುಂಬಲು) ಆರ್‌ಓ ನೀರು ಬಳಸಿ.

ಸ್ಯಾಂಪಲ್ ತರಿಸಿ, ನಿಮ್ಮದೇ ನೀರಿನಲ್ಲಿ ಪರೀಕ್ಷಿಸಿ. ಪಾರದರ್ಶಕ ಬಾಟಲಿಗೆ 95 ಮಿ.ಲೀ. ನೀರು, ಅದರ ಮೇಲೆ 5 ಮಿ.ಲೀ. ಕೂಲಂಟ್ ಹಾಕಿ, ಕಲಕಿ, 24 ಗಂಟೆ ಬಿಡಿ. ಮೇಲೆ ಎಣ್ಣೆ ಪದರವೋ ಬಿಳಿ ಗಸಿಯೋ ಕಂಡರೆ ಆ ಡಬ್ಬ ನಿಮಗಲ್ಲ. ತುಕ್ಕಿಗೆ ಇನ್ನೊಂದು ಪರೀಕ್ಷೆ: ಗಾಜಿನ ತಟ್ಟೆಯಲ್ಲಿ ಫಿಲ್ಟರ್ ಪೇಪರ್ ಹಾಸಿ, 2 ಗ್ರಾಂ ಒಣ ಬೀಡು ಕಬ್ಬಿಣದ (ಕಾಸ್ಟ್ ಐರನ್) ಚಿಪ್ಸ್ ಹರಡಿ, 2 ಮಿ.ಲೀ. ಕಲಸಿದ ಕೂಲಂಟ್ ಸುರಿದು ಮುಚ್ಚಿಡಿ. 2 ಗಂಟೆ ಬಿಟ್ಟು ಚಿಪ್ಸ್ ತೆಗೆದರೆ ಪೇಪರಿನ ಕಂದು ಕಲೆ ಎಲ್ಲ ಹೇಳುತ್ತದೆ. ಶೇ 3, 4, 5, 6ರ ಮಿಶ್ರಣಗಳಲ್ಲಿ ಬೇರೆ ಬೇರೆ ಮಾಡಿ. ಕಲೆ ಬೀಳದ ಮೊದಲ ಅಂಕಿಗಿಂತ ಕೆಳಗೆ ಟ್ಯಾಂಕ್ ಎಂದೂ ಇಳಿಯಬಾರದು.

ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ), ಸಿಎನ್‌ಸಿ ಲೇತ್ ಇಟ್ಟುಕೊಂಡು ಎಂಎಸ್ (ಮೈಲ್ಡ್ ಸ್ಟೀಲ್), ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್), ಅಲ್ಯೂಮಿನಿಯಂ ಎಲ್ಲವನ್ನೂ ಮಾಡುವ ಜಾಬ್ ಶಾಪ್‌ಗೆ ಸೆಮಿ-ಸಿಂಥೆಟಿಕ್ಕೇ (ಎಣ್ಣೆ ಕಡಿಮೆ ಇರುವ ಕೂಲಂಟ್) ಸರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಗ್ರೈಂಡಿಂಗ್‌ಗೆ ಎಣ್ಣೆಯೇ ಇಲ್ಲದ ಸಿಂಥೆಟಿಕ್, ಬ್ರೋಚಿಂಗ್ ಮತ್ತು ಹೋನಿಂಗ್‌ಗೆ ನೀರು ಬೆರೆಸದ ನೀಟ್ ಆಯಿಲ್. ಅಲ್ಯೂಮಿನಿಯಂ ಹೆಚ್ಚಿದ್ದರೆ ಪಾಲಿಶ್ ಮಾಡಿದ ತುಂಡನ್ನು ಅರ್ಧ ಮುಳುಗಿಸಿ ಒಂದು ದಿನ ಇಟ್ಟು ನೋಡಿ, ಪಿಹೆಚ್ 9.5ರ ಮೇಲಿದ್ದರೆ ಕಪ್ಪಾಗುವ ಅಪಾಯ ಹೆಚ್ಚು. ನೈಟ್ರೈಟ್ ಇದೆಯೇ ಎಂದು ಸೇಫ್ಟಿ ಶೀಟ್‌ನಲ್ಲಿ ತಪ್ಪದೆ ನೋಡಿ: ಕೆಲವು ಅಮೈನ್‌ಗಳ ಜೊತೆ ಅದು ಕ್ಯಾನ್ಸರ್‌ಕಾರಕ ನೈಟ್ರೋಸಮೈನ್ ಆಗಬಲ್ಲದು. ದಿನವಿಡೀ ಅದರಲ್ಲೇ ಕೈ ಅದ್ದುವವರು ನಮ್ಮ ಆಪರೇಟರ್‌ಗಳು.

ಕಲಸುವಾಗ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ಮಿಶ್ರಣದ ಸಾಂದ್ರತೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ತೋರಿಸುವುದು ನೇರ ಶೇಕಡಾ ಅಲ್ಲ, ಕೂಲಂಟ್ ತಯಾರಕರು ಕೊಡುವ ಫ್ಯಾಕ್ಟರ್‌ನಿಂದ ಗುಣಿಸಬೇಕು: ಓದು 4, ಫ್ಯಾಕ್ಟರ್ 1.5 ಆದರೆ ನಿಜವಾಗಿ ಶೇ 6. ಟರ್ನಿಂಗ್, ಮಿಲ್ಲಿಂಗ್‌ಗೆ ಶೇ 5-8 ಸಾಕು, ಟ್ಯಾಪಿಂಗ್, ರೀಮಿಂಗ್‌ಗೆ 8-10. ಟಾಪ್-ಅಪ್‌ಗೆ ಬರಿ ನೀರು ಬೇಡ, ಆರ್‌ಓ ನೀರಿನಲ್ಲಿ ಕಲಸಿದ ಶೇ 1-2ರ ತೆಳು ಮಿಶ್ರಣ ಹಾಕಿ.

ಸೋಮವಾರ ಬೆಳಿಗ್ಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಯಂತ್ರದ ಜಾರುಹಳಿಗಳಿಂದ ಸೋರುವ ಸ್ಲೈಡ್‌ವೇ ಆಯಿಲ್ ಮೇಲೆ ತೇಲಿ ಗಾಳಿ ತಡೆದಿದೆ, ಕೆಳಗೆ ಬ್ಯಾಕ್ಟೀರಿಯಾ ಬೆಳೆದಿದೆ ಎಂದರ್ಥ. ತೇಲುವ ಎಣ್ಣೆ ತೆಗೆಯುವ ಸ್ಕಿಮ್ಮರ್ ಹಾಕಿ. ಪಿಹೆಚ್ 8.5ರ ಕೆಳಗಿಳಿದಿದ್ದರೆ ಹೊಸದು ತುಂಬುವುದೇ ಲೇಸು, ಆದರೆ ಕೊಳೆ ಟ್ಯಾಂಕಿಗೆ ಸುರಿದರೆ ಅದೂ ಕೆಡುತ್ತದೆ. ಖಾಲಿ ಮಾಡುವ ಹಿಂದಿನ ದಿನ ಹಳೆಯದಕ್ಕೇ ಶೇ 1-2 ಸಿಸ್ಟಮ್ ಕ್ಲೀನರ್ ಬೆರೆಸಿ ಓಡಿಸಿ, ಕನ್ವೇಯರ್ ಕೆಳಗಿನ ಚಿಪ್ಸ್ ಕೈಯಾರೆ ತೆಗೆಸಿ, ಶೇ 1ರ ಹೊಸ ಮಿಶ್ರಣದಲ್ಲಿ ತೊಳೆದು ತುಂಬಿ. ಹಳೆಯದು ಚರಂಡಿಗಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೆ.