ದಾವಣಗೆರೆ ಕೈ

ಜರ್ಮನಿಯ ಲೈಪ್‌ಜಿಗ್‌ನಲ್ಲಿ ಈಗ ಚೆಸ್ಟ್‌ನಟ್ ಕಾಯಿ ಉದುರುವ ಕಾಲ. ತಿನ್ನುವ ಜಾತಿಯದಲ್ಲ, ಆದರೂ ಮಕ್ಕಳಿಗೆ ಅದೇ ಆಸ್ತಿ. ಶಾಲೆ ಮುಗಿದ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಹೋರ್ಟ್‌ನಿಂದ ಬರುವಾಗ ಮಗಳ ಜಾಕೆಟ್ ಜೇಬು ಜೋತುಬಿದ್ದಿರುತ್ತದೆ. ಮೊನ್ನೆ ಅವಳೂ ಎದುರುಮನೆಯ ಹುಡುಗನೂ ಮೆಟ್ಟಿಲ ಮೇಲೆ ಕೂತು ಪಾಲು ಮಾಡಿಕೊಳ್ಳುತ್ತಿದ್ದರು. ಅವನು ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಚ್ಚುತ್ತಾ ಹೋದ. ಇಲ್ಲಿಯವರಿಗೆ ಹೆಬ್ಬೆರಳೆಂದರೆ ಒಂದು. ಎರಡೂ ಕೈ ಮುಗಿದ ಮೇಲೆ ನಿಂತುಬಿಟ್ಟ. ಇವಳು ಕಿರುಬೆರಳಿನ ಬುಡದ ಗೆರೆಯಿಂದ ಹೆಬ್ಬೆರಳನ್ನು ಒಂದೊಂದೇ ಗೆರೆಗೆ ಮುಟ್ಟಿಸುತ್ತಾ ಒಂದೇ ಕೈಯಲ್ಲಿ ಹನ್ನೆರಡರವರೆಗೆ ಎಣಿಸಿದ್ದಳು. ಕಾಯಿ ಎತ್ತಿಡಲು ಇನ್ನೊಂದು ಕೈ ಬಿಡುವಾಗಿತ್ತು. ಹುಡುಗ ಅವಳ ಅಂಗೈ ಹಿಡಿದು ತಿರುಗಿಸಿ ನೋಡಿದ. "ನಿನ್ನ ಕೈ ನನ್ನದಕ್ಕಿಂತ ಚಿಕ್ಕದು. ಆದರೆ ಜಾಸ್ತಿ ಹಿಡಿಯುತ್ತೆ" ಅಂದ.

"ಇದು ದಾವಣಗೆರೆ ಕೈ" ಅಂದಳು ಮಗಳು.

ಅವಳು ಹುಟ್ಟಿದ್ದು ಇಲ್ಲೇ, ದಾವಣಗೆರೆ ಕಂಡಿದ್ದು ರಜೆಯಲ್ಲಿ. ಈ ಎಣಿಕೆ ಅವಳಿಗೆ ಬಂದದ್ದು ನನ್ನ ಅಮ್ಮನಿಂದ, ಅಮ್ಮನಿಗೆ ಅಜ್ಜಿಯಿಂದ. ಅಜ್ಜಿ ಶಾಲೆಯ ಮುಖ ನೋಡಿದವಳಲ್ಲ. ಕಣದಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ "ಲಾಭ" ಅಂತ ಕೂಗಿದರೆ ಅವಳ ಹೆಬ್ಬೆರಳು ಗೆರೆ ಏರಲು ಶುರು. ಬೆರಳಿಗೆ ಮೂರು ಗೆರೆ, ನಾಲ್ಕು ಬೆರಳಿಗೆ ಹನ್ನೆರಡು. ಬಲಗೈಯ ಹನ್ನೆರಡು ಮುಗಿದರೆ ಎಡಗೈಯ ಒಂದು ಬೆರಳು ಮಡಚುತ್ತಿದ್ದಳು. ಐದು ಬೆರಳೂ ಮಡಚಿದರೆ ಅರವತ್ತು. ಬ್ಯಾಬಿಲೋನಿಯದವರ ಅರವತ್ತರ ಲೆಕ್ಕ, ಅಂದರೆ ಇವತ್ತಿಗೂ ಗಂಟೆಗೆ 60 ನಿಮಿಷ ಎನ್ನುವ ಲೆಕ್ಕ, ಹುಟ್ಟಿದ್ದೇ ಹೀಗೆ ಎಂದು ಊಹಿಸುವವರಿದ್ದಾರೆ. ನಮ್ಮಲ್ಲೇ ಕೆಲವರು ಬೆರಳತುದಿಯನ್ನೂ ಸೇರಿಸಿ ಕೈಗೆ ಹದಿನಾರು ಎಣಿಸುತ್ತಾರೆ. ನಡುವೆ ಯಾರಾದರೂ ಬಂದು ಅಜ್ಜಿಯನ್ನು ಮಾತಿಗೆಳೆದರೆ ಹೆಬ್ಬೆರಳು ಮುಟ್ಟಿದ ಗೆರೆಯಲ್ಲೇ ಕೂತಿರುತ್ತಿತ್ತು. ಮಾತು ಮುಗಿದ ಮೇಲೆ ಅಲ್ಲಿಂದಲೇ ಮುಂದಕ್ಕೆ. ತಲೆ ಬೇರೆ ಕಡೆ ಇದ್ದರೂ ಲೆಕ್ಕ ಕೈಯಲ್ಲಿ ಭದ್ರ.

ಸೋದರಮಾವನದು ಇನ್ನೊಂದು ವಿದ್ಯೆ. ದನದ ವ್ಯಾಪಾರದಲ್ಲಿ ದಲ್ಲಾಳಿ. ಜೋಡಿ ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ಕೊಳ್ಳುವವನ ಕೈಯನ್ನು ಹೆಗಲ ಮೇಲಿನ ಟವೆಲಿನ ಕೆಳಗೆ ಎಳೆದುಕೊಳ್ಳುತ್ತಿದ್ದ. ಮುಂದಿನ ಮಾತೆಲ್ಲ ಬೆರಳಲ್ಲೇ. ಸುತ್ತ ಹತ್ತು ಜನ ನಿಂತಿದ್ದರೂ ರೇಟು ಆ ಇಬ್ಬರಿಗೆ ಮಾತ್ರ ಗೊತ್ತು. ಟವೆಲಿನ ಅಂಚು ಅಲ್ಲಾಡುವುದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಅದೇ ಬೆರಳು ಒಂದು ಸಲ ಸಾವಿರ, ಇನ್ನೊಂದು ಸಲ ನೂರು. ಮೊದಲು ಹಿಡಿದದ್ದು ಸಾವಿರದ್ದು, ಆಮೇಲೆ ಹಿಡಿದದ್ದು ನೂರರದ್ದು ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಿರಲಿಲ್ಲ. ಶಾಲೆಯಲ್ಲಿ ಬಿಡಿ, ಹತ್ತು, ನೂರು ಎಂದು ಕಂಬ ಎಳೆದು ಹೇಳಿಕೊಟ್ಟ ಸ್ಥಾನಬೆಲೆ ಇದೇ ಅಲ್ಲವೇ? ಆದರೆ ಮಾವನ ಟವೆಲಿಗೂ ಕರಿಹಲಗೆಗೂ ನಂಟಿದೆ ಎಂದು ನಮ್ಮ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಹೇಳುವುದಿರಲಿ, ಬೆರಳು ಮಡಚಿದರೇ ಏಟು. ಬೆಂಚಿನ ಕೆಳಗೆ ಕೈ ಇಟ್ಟುಕೊಂಡು ಕದ್ದು ಎಣಿಸುತ್ತಿದ್ದೆವು. ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸುತ್ತಿದ್ದೆವು, ಅದಕ್ಕೆ ನನಗೆ ಈಗಲೂ ಹೆಮ್ಮೆಯಿದೆ. ಬಾಯಿಪಾಠದ ಮಗ್ಗಿ ಇವತ್ತಿಗೂ ಅಂಗಡಿಯಲ್ಲಿ ಕೈಹಿಡಿಯುತ್ತದೆ. ಬೆರಳಿಗೆ ಏಕೆ ಶಿಕ್ಷೆ ಎನ್ನುವುದು ಮಾತ್ರ ಇವತ್ತಿಗೂ ಅರ್ಥವಾಗಿಲ್ಲ. ಕಳೆದ ವಾರ ವಿಡಿಯೋ ಕಾಲ್‌ನಲ್ಲಿ ಅಕ್ಕ ಅದನ್ನೇ ಹೇಳಿದಳು: ಒಂದನೇ ಕ್ಲಾಸಿನ ಮಗನ ಪುಸ್ತಕದಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ "ಬೆರಳು ಬಳಸುತ್ತಾನೆ" ಎಂದು ಬರೆದು ಕಳಿಸಿದ್ದಾರಂತೆ. ಅವನು ಸಂಜೆ ಅಬಾಕಸ್ ಕ್ಲಾಸಿಗೂ ಹೋಗುತ್ತಾನೆ. ಅಲ್ಲಿ ಫೀಸು ಕಟ್ಟಿ ಕಲಿಯುವುದೇ ಗಾಳಿಯಲ್ಲಿ ಬೆರಳಾಡಿಸಿ, ಕಣ್ಣಿಗೆ ಕಾಣದ ಮಣಿ ಸರಿಸಿ ಲೆಕ್ಕ ಮಾಡುವುದನ್ನು. ಬೆಳಿಗ್ಗೆ ತಪ್ಪಾದದ್ದು ಸಂಜೆ ಜಾಣತನವಾದರೆ ಆರು ವರ್ಷದ ಮಗು ಏನೆಂದು ತಿಳಿಯಬೇಕು?

ಇಲ್ಲಿ ಮಗಳ ತರಗತಿಯಲ್ಲಿ ಗೋಡೆಗೆ ಕೈಗಳ ಚಿತ್ರ ಅಂಟಿಸಿದ್ದಾರೆ. "ಏಳು ತೋರಿಸಿ" ಎಂದರೆ ಮಕ್ಕಳು ಎಣಿಸುತ್ತಾ ಕೂರುವಂತಿಲ್ಲ. ಒಂದು ಪೂರ್ತಿ ಕೈ, ಇನ್ನೊಂದರಲ್ಲಿ ಎರಡು ಬೆರಳು, ಒಟ್ಟಿಗೇ ಎತ್ತಬೇಕು. ಎಂಟು ಎಂದರೆ ಐದು ಮತ್ತು ಮೂರು. ಹಾಗಾಗಿ ಏಳಕ್ಕೆ ಎಂಟು ಕೂಡಿಸು ಎಂದಾಗ ಎರಡು ಪೂರ್ತಿ ಕೈ ಹತ್ತು, ಉಳಿದ ಎರಡು, ಮೂರು ಸೇರಿ ಐದು, ಒಟ್ಟು ಹದಿನೈದು. ಒಂದೊಂದಾಗಿ ಎಣಿಸುವ ಅಭ್ಯಾಸವನ್ನು ಇಲ್ಲಿಯ ಟೀಚರುಗಳೂ ಬಿಡಿಸುತ್ತಾರೆ. ದೊಡ್ಡ ಲೆಕ್ಕಕ್ಕೆ ಅದು ಸಾಲದು ಎಂಬುದು ನಿಜ. ಆದರೆ ಬಿಡಿಸುವುದೂ ಬೆರಳ ಮೂಲಕವೇ. ಏಳು ಎಂಬುದು ಆರಾದ ಮೇಲೆ ಬರುವ ಬರೀ ಸದ್ದಲ್ಲ, ಐದೂ ಎರಡೂ ಕೂಡಿದ ಮೊತ್ತ ಎಂದು ಮಗು ತನ್ನ ಕೈಯಲ್ಲೇ ಕಾಣುತ್ತದೆ.

ಬೆರಳಿಗೂ ಲೆಕ್ಕಕ್ಕೂ ಇರುವ ನಂಟು ಹಳ್ಳಿಯವರ ರೂಢಿ ಮಾತ್ರವಲ್ಲ. ವಿಯೆನ್ನಾದ ನರರೋಗ ತಜ್ಞ ಜೋಸೆಫ್ ಗೆರ್ಸ್ಟ್‌ಮನ್ ತನ್ನ ಬೆರಳು ಯಾವುದೆಂದು ತಾನೇ ಗುರುತಿಸಲಾಗದ ರೋಗಿಯ ಬಗ್ಗೆ 1924ರಲ್ಲಿ ಬರೆದರು. ಇಂಥವರಲ್ಲಿ ಲೆಕ್ಕ ಮಾಡುವ, ಬರೆಯುವ ಶಕ್ತಿಯೂ ಕುಂದಿ, ಎಡ ಬಲ ತಪ್ಪುವುದು ಒಟ್ಟಿಗೇ ಕಾಣಿಸಬಹುದು. ಈ ನಾಲ್ಕೂ ಸೇರಿದ್ದಕ್ಕೆ ಅವರದೇ ಹೆಸರು ಉಳಿದಿದೆ. ಮಿದುಳಿನ ಎಡಭಾಗದ ಅದೇ ಆಸುಪಾಸಿಗೆ ಪೆಟ್ಟಾದರೆ ಬೆರಳೂ ಲೆಕ್ಕವೂ ಒಟ್ಟಿಗೇ ಕೈಕೊಡಬಹುದು. ಪಪುವಾ ನ್ಯೂಗಿನಿಯ ಒಕ್ಸಾಪ್ಮಿನ್ ಜನರಂತೂ ತಮ್ಮ ಹಳೆಯ ರೂಢಿಯ ಎಣಿಕೆಯಲ್ಲಿ ಒಂದು ಕೈಯ ಹೆಬ್ಬೆರಳಿಂದ ಹಿಡಿದು ತೋಳು, ಹೆಗಲು, ಕಿವಿ, ಕಣ್ಣು, ಮೂಗು ದಾಟಿ ಇನ್ನೊಂದು ಕೈಯವರೆಗೆ 27 ಎಣಿಸುತ್ತಾರೆ. ಆ ಎಣಿಕೆಗೆ ಮೈಯೇ ಪಾಠದ ಪುಸ್ತಕ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ನಿಂಗೇನು, ಅಲ್ಲಿ ಕೂತು ಹೇಳ್ತಿ. ಇಲ್ಲಿ ಟೆಸ್ಟಿಗೆ ಟೈಮ್ ಐತಿ" ಅಂದಳು. ಅವಳ ಮಾತಲ್ಲೂ ಸತ್ಯವಿದೆ. ತಪ್ಪು ಅವಳದ್ದಲ್ಲ, ಆ ಟೀಚರದೂ ಪೂರ್ತಿ ಅಲ್ಲ. ಬೆಂಚಿನ ಕೆಳಗೆ ಕೈ ಮುಚ್ಚಿಟ್ಟು ಬೆಳೆದ ನಾವೇ ಈಗ ತಾಯಿ, ತಂದೆ, ಟೀಚರ್ ಆಗಿದ್ದೇವೆ.

ಬೇಸಿಗೆ ರಜೆಗೆ ಬಂದಾಗ ಮಗಳನ್ನು ದನದ ಸಂತೆಗೆ ಕರೆದೊಯ್ಯಬೇಕು. ಮಾವನಿಗೆ ಈಗ ವಯಸ್ಸಾಗಿದೆ, ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ವ್ಯಾಪಾರವೂ ಕಡಿಮೆ. ಆದರೂ ಟವೆಲಿನ ಕೆಳಗೆ ಅವಳ ಕೈ ಹಿಡಿದು ಒಂದು ವ್ಯಾಪಾರ ಕುದುರಿಸಿ ತೋರಿಸುತ್ತೇನೆಂದು ಒಪ್ಪಿದ್ದಾನೆ. ಅಕ್ಕನ ಮಗನನ್ನೂ ಜೊತೆಗೆ ಕಳಿಸು ಎಂದಿದ್ದೇನೆ. ಆವತ್ತು ಅಬಾಕಸ್ ಕ್ಲಾಸ್ ತಪ್ಪಿದರೂ ಪರವಾಗಿಲ್ಲ.